ವಿದ್ಯಾರ್ಥಿಗಳು ಮತ್ತು ಮದ್ಯಪಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಬಿಟ್ಟು ಬೆಂಗಳೂರು, ಮೈಸೂರು, ಮಂಗಳೂರು, ಧಾರವಾಡ, ಕಲಬುರಗಿಯಂಥ ಊರುಗಳ ಹಾಸ್ಟೆಲ್ ಮತ್ತು ಪಿ.ಜಿ.ಗಳಲ್ಲಿದ್ದು ಓದುವ ವಿದ್ಯಾರ್ಥಿಗಳು, ಅವರ ತಂದೆತಾಯಿಗಳು ಹಾಗೂ ಹಾಸ್ಟೆಲ್ ನೋಡಿಕೊಳ್ಳುವವರು ಮದ್ಯಪಾನದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಹಲವು ವರ್ಷ ಹಾಸ್ಟೆಲಿನ ಮೇಲ್ವಿಚಾರಣೆ ಮಾಡಿದವನಾಗಿ ನನಗೆ ಅತ್ಯಂತ ಮುಖ್ಯವೆನಿಸುವುದು ಎಚ್ಚರ ತಪ್ಪಿದ ಗೆಳೆಯನ ಕುರಿತ ಪ್ರಶ್ನೆ. ಬೇರೆ ಯಾವುದನ್ನು ಓದಲು ಬಿಡುವಿಲ್ಲದಿದ್ದರೂ ಅದೊಂದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ವಿದ್ಯಾರ್ಥಿಗಳಿಗೆ ‘ಜವಾಬ್ದಾರಿಯಿಂದ ಕುಡಿಯಿರಿ’ ಎಂದು ಹೇಳುವುದೇ ತಪ್ಪಲ್ಲವೇ?

ಕುಡಿಯದಿರುವುದೇ ಎಲ್ಲಕ್ಕಿಂತ ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ, ಆರೋಗ್ಯಕ್ಕೆ ಅಪಾಯವೇ ಇಲ್ಲದ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಆದರೆ ‘ಕುಡಿಯಬೇಡಿ’ ಎಂಬ ಒಂದೇ ಮಾತು ಹೇಳಿ ಸುಮ್ಮನಾದರೆ, ಆ ಮಾತನ್ನು ಕೇಳದೆ ಕುಡಿದ ಹುಡುಗನಿಗೆ ಆ ರಾತ್ರಿ ಏನು ಮಾಡಬೇಕು, ಏನು ಮಾಡಬಾರದು ಎಂಬ ತಿಳಿವಳಿಕೆ ಯಾರಿಂದಲೂ ಸಿಗುವುದಿಲ್ಲ. ಚಟ ಬೆಳೆಯಲು ವರ್ಷಗಳು ಬೇಕು. ವಿದ್ಯಾರ್ಥಿ ಜೀವನದ ದೊಡ್ಡ ಅನಾಹುತಗಳಾದ ಬೈಕ್ ಅಪಘಾತ, ಹೊಡೆದಾಟ, ಮಹಡಿಯಿಂದ ಬೀಳುವುದು, ಕೆರೆ ಅಥವಾ ಸಮುದ್ರಕ್ಕೆ ಇಳಿದು ಮುಳುಗುವುದು, ವಾಂತಿ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವುದು ಇವೆಲ್ಲ ಒಂದೇ ರಾತ್ರಿಯಲ್ಲಿ ಆಗಿಹೋಗುತ್ತವೆ. ಆ ಒಂದು ರಾತ್ರಿಯಲ್ಲಿ ಪ್ರಾಣ ಉಳಿಸಬಲ್ಲ ತಿಳಿವಳಿಕೆಯನ್ನು ಕೊಡುವುದು ಕುಡಿತಕ್ಕೆ ಒಪ್ಪಿಗೆ ಕೊಟ್ಟಂತೆ ಆಗುವುದಿಲ್ಲ.

ಕರ್ನಾಟಕದಲ್ಲಿ ಮದ್ಯ ಕೊಳ್ಳಲು ಎಷ್ಟು ವಯಸ್ಸಾಗಿರಬೇಕು?

21 ವರ್ಷ ಎಂದೇ ತಿಳಿದುಕೊಳ್ಳಿ. ಇಲ್ಲಿ ಗೊಂದಲ ಹುಟ್ಟಲು ಕಾರಣವೇನೆಂದರೆ, 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ 18 ವರ್ಷ ಎಂಬ ಉಲ್ಲೇಖವಿದ್ದು, 1967ರ ಸನ್ನದು ನಿಯಮಗಳು 21 ವರ್ಷದೊಳಗಿನವರಿಗೆ ಮದ್ಯ ಮಾರಬಾರದೆಂದು ಸನ್ನದುದಾರರನ್ನು, ಅಂದರೆ ಲೈಸೆನ್ಸ್ ಪಡೆದ ಮಾರಾಟಗಾರರನ್ನು, ನಿರ್ಬಂಧಿಸುತ್ತವೆ. ಈ ವಯಸ್ಸನ್ನು 18ಕ್ಕೆ ಇಳಿಸುವ ಕರಡನ್ನು 2023ರ ಆರಂಭದಲ್ಲಿ ಸರ್ಕಾರ ಹೊರಡಿಸಿತ್ತಾದರೂ ಸಾರ್ವಜನಿಕರ ವಿರೋಧ ಬಂದ ಮೇಲೆ ಅದನ್ನು ಕೈಬಿಟ್ಟಿತು. ಪಿಯುಸಿ ವಿದ್ಯಾರ್ಥಿಗಳೆಲ್ಲರೂ, ಪದವಿ ತರಗತಿಯ ಬಹುಪಾಲು ವಿದ್ಯಾರ್ಥಿಗಳೂ ಈ ಮಿತಿಯ ಒಳಗೇ ಬರುತ್ತಾರೆ.

‘ಬಿಯರ್ ಏನು ಮಹಾ, ಅದು ಎಣ್ಣೆಯೇ ಅಲ್ಲ’ ಎನ್ನುತ್ತಾರಲ್ಲ, ನಿಜವೇ?

ನಿಜವಲ್ಲ. ಇದಕ್ಕೆ ಬಾಟಲಿಯ ಮೇಲಿರುವ ಅಂಕಿಗಳೇ ಉತ್ತರ ಹೇಳುತ್ತವೆ. ಭಾರತದಲ್ಲಿ ವೈದ್ಯರು ಸಾಮಾನ್ಯವಾಗಿ ಹತ್ತು ಗ್ರಾಂ ಶುದ್ಧ ಮದ್ಯಸಾರವನ್ನು ಒಂದು ಯೂನಿಟ್ ಎಂದು ಎಣಿಸುತ್ತಾರೆ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರವಿರುತ್ತದೆ. ಈ ಲೆಕ್ಕದಲ್ಲಿ 30 ಮಿಲಿಯ ಒಂದು ಸ್ಮಾಲ್ ಪೆಗ್ ಎಂದರೆ ಒಂದು ಯೂನಿಟ್. ‘ನೈಂಟಿ’ ಎಂದರೆ ಮೂರು. 180 ಮಿಲಿಯ ಕ್ವಾರ್ಟರ್ ಎಂದರೆ ಆರು. ಈಗ ಶೇ 8ರಷ್ಟು ಮದ್ಯಸಾರವಿರುವ 650 ಮಿಲಿಯ ಸ್ಟ್ರಾಂಗ್ ಬಿಯರ್ ಬಾಟಲಿಯನ್ನು ತೆಗೆದುಕೊಳ್ಳಿ. ಅದರಲ್ಲಿ 52 ಮಿಲಿ, ಅಂದರೆ ಸುಮಾರು 41 ಗ್ರಾಂ ಮದ್ಯಸಾರವಿದೆ. ಅದು ನಾಲ್ಕು ಸ್ಮಾಲ್ ಪೆಗ್‌ಗಳಿಗೆ ಸಮ. ನೈಂಟಿ ಹಾಕುವವನನ್ನು ಕುಡುಕನೆಂದು ದೂರುವ ಹುಡುಗ ಒಂದು ಬಿಯರ್ ಬಾಟಲಿಯಲ್ಲಿ ಅವನಿಗಿಂತ ಹೆಚ್ಚು ಕುಡಿದಿರುತ್ತಾನೆ ಎಂದು ತರಗತಿಯಲ್ಲಿ ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದಾಗ ವಿದ್ಯಾರ್ಥಿಗಳು ನಿಜಕ್ಕೂ ಬೆರಗಾಗಿದ್ದಾರೆ. ರೂಮಿನಲ್ಲಿ ಸ್ಟೀಲ್ ಲೋಟಕ್ಕೆ ಕಣ್ಣಂದಾಜಿನಲ್ಲಿ ಸುರಿಯುವ ‘ಒಂದು ಪೆಗ್’ಗೂ ಬಾರಿನಲ್ಲಿ ಅಳೆದು ಕೊಡುವ ಪೆಗ್‌ಗೂ ಇರುವ ವ್ಯತ್ಯಾಸವನ್ನು ನೀವೇ ಊಹಿಸಿಕೊಳ್ಳಿ.

ಕುಡಿದದ್ದು ಇಳಿಯಲು ಎಷ್ಟು ಹೊತ್ತು ಬೇಕು? ಮಜ್ಜಿಗೆ, ನಿಂಬೆರಸ, ಸ್ಟ್ರಾಂಗ್ ಕಾಫಿ, ತಣ್ಣೀರಿನ ಸ್ನಾನದಿಂದ ಬೇಗ ಇಳಿಯುತ್ತದೆಯೇ?

ಇಲ್ಲ. ಮದ್ಯಸಾರದ ಬಹುಪಾಲನ್ನು ಒಡೆಯುವುದು ಯಕೃತ್ತು. ಅದು ಗಂಟೆಗೆ ಸುಮಾರು ಏಳರಿಂದ ಹತ್ತು ಗ್ರಾಂನಷ್ಟನ್ನು ಮಾತ್ರ ಒಡೆಯಬಲ್ಲದು, ಮತ್ತು ಅದನ್ನು ಅವಸರಪಡಿಸುವ ಮನೆಮದ್ದು ಯಾವುದೂ ಇಲ್ಲ. ಕಾಫಿ ಕುಡಿಸಿದರೆ ಅಮಲಿನಲ್ಲಿರುವವನು ಕಣ್ಣು ಬಿಟ್ಟುಕೊಂಡು ಕೂರಬಹುದೇ ಹೊರತು ಅವನ ರಕ್ತದಲ್ಲಿನ ಮದ್ಯಸಾರ ಹನಿಯಷ್ಟೂ ಕಡಿಮೆಯಾಗುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಒಂದು ಕ್ವಾರ್ಟರ್ ಮುಗಿಸಿ ಮಲಗಿದ ಅರವತ್ತು ಕಿಲೋ ತೂಕದ ವಿದ್ಯಾರ್ಥಿ ಬೆಳಿಗ್ಗೆ ಎಂಟೂವರೆಗೆ ಬೈಕ್ ಹತ್ತಿ ಒಂಬತ್ತರ ತರಗತಿಗೆ ಹೊರಟಾಗಲೂ ಅವನ ರಕ್ತದಲ್ಲಿ ಮದ್ಯಸಾರ ಇನ್ನೂ ಉಳಿದಿರಬಹುದು. ಊಟ ಮಾಡಿ ಕುಡಿದರೆ ಅಮಲು ನಿಧಾನವಾಗಿ ಏರುತ್ತದೆ ಎಂಬುದು ಮಾತ್ರ ನಿಜ. ಆದರೆ ‘ಇನ್ನೂ ಏರಿಲ್ಲ’ವೆಂದು ಮತ್ತೊಂದು ಪೆಗ್ ಹಾಕಿಕೊಂಡರೆ ಊಟದಿಂದ ಆದ ಉಪಕಾರ ಅಲ್ಲಿಗೆ ಮುಗಿಯಿತು.

ನೆನಪಿನ ಶಕ್ತಿ ಮತ್ತು ಓದಿನ ಮೇಲೆ ಏನು ಪರಿಣಾಮವಾಗುತ್ತದೆ?

ಮಿದುಳಿನ ಮುಂಭಾಗ, ಅಂದರೆ ಮುಂದಾಲೋಚನೆ, ಸಂಯಮ, ತೀರ್ಮಾನಗಳನ್ನು ನಿಭಾಯಿಸುವ ಭಾಗ, ಸುಮಾರು ಇಪ್ಪತ್ತೈದರ ವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಕಾಲೇಜಿನ ವರ್ಷಗಳಲ್ಲಿ ಮತ್ತೆ ಮತ್ತೆ ಅತಿಯಾಗಿ ಕುಡಿಯುವವನು ಇನ್ನೂ ಕಟ್ಟುತ್ತಿರುವ ಮನೆಯ ಗೋಡೆಗೆ ಪೆಟ್ಟು ಕೊಡುತ್ತಿರುತ್ತಾನೆ. ನೆನಪುಗಳನ್ನು ಅಚ್ಚೊತ್ತುವ ಹಿಪೊಕ್ಯಾಂಪಸ್ ಎಂಬ ಭಾಗವಂತೂ ಮದ್ಯಕ್ಕೆ ಬಹಳ ಬೇಗ ಸೋಲುತ್ತದೆ. ‘ನಿನ್ನೆ ರಾತ್ರಿ ನಾನು ಏನು ಮಾತಾಡಿದೆ, ರೂಮಿಗೆ ಹೇಗೆ ಬಂದೆ ಎಂಬುದೇ ನೆನಪಿಲ್ಲ’ ಎಂದು ನಗುತ್ತಾ ಹೇಳುವವರಿದ್ದಾರೆ. ಅದು ಮರೆವಲ್ಲ, ಆ ಗಂಟೆಗಳಲ್ಲಿ ಮಿದುಳು ನೆನಪುಗಳನ್ನು ದಾಖಲಿಸುವುದನ್ನೇ ನಿಲ್ಲಿಸಿತ್ತು. ಹೀಗೆ ಒಮ್ಮೆ ಆದರೂ ಅದನ್ನು ಗಂಭೀರ ಎಚ್ಚರಿಕೆಯೆಂದೇ ಎಣಿಸಬೇಕು.

ನಿದ್ದೆಯ ವಿಷಯವೂ ಹಾಗೆಯೇ. ಕುಡಿದರೆ ಬೇಗ ನಿದ್ದೆ ಬರುತ್ತದೆ ನಿಜ, ಆದರೆ ಕನಸು ಕಾಣುವ ಹಂತದ ನಿದ್ದೆ ಕಡಿಮೆಯಾಗಿ ನಡುರಾತ್ರಿಯ ನಂತರ ಮತ್ತೆ ಮತ್ತೆ ಎಚ್ಚರವಾಗುತ್ತದೆ. ಹಗಲು ಓದಿದ್ದು ಮನಸ್ಸಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ ಆದ್ದರಿಂದ, ಶನಿವಾರವಿಡೀ ಓದಿ ರಾತ್ರಿ ಕುಡಿದು ಮಲಗಿದವನು ಆ ದಿನದ ಓದಿನ ಒಂದು ಪಾಲನ್ನು ಕೈಯಾರೆ ಕಳೆದುಕೊಳ್ಳುತ್ತಾನೆ.

ದೂರದ ಪರಿಣಾಮಗಳನ್ನೂ ಹೇಳದೆ ಬಿಡಬಾರದು. ಮದ್ಯವು ಕ್ಯಾನ್ಸರ್‌ಕಾರಕವೆಂದು 1988ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿನ ಸಾಲಿನಲ್ಲೇ ವರ್ಗೀಕರಿಸಿದೆ; ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು ಮತ್ತು ಸ್ತನದ ಕ್ಯಾನ್ಸರ್‌ಗಳಿಗೂ ಮದ್ಯಕ್ಕೂ ನಂಟಿದೆ. ಕುಡಿತದ ಜೊತೆ ಸಿಗರೇಟು ಅಥವಾ ಗುಟ್ಕಾ ಸೇರಿದರೆ ಬಾಯಿ ಮತ್ತು ಗಂಟಲಿನ ಅಪಾಯ ಇನ್ನೂ ಹೆಚ್ಚು.

ಅತಿಯಾಗಿ ಕುಡಿದು ಗೆಳೆಯ ಎಚ್ಚರ ತಪ್ಪಿದರೆ ಏನು ಮಾಡಬೇಕು?

‘ಮಲಗಿಸಿಬಿಡಿ, ಬೆಳಿಗ್ಗೆ ಸರಿಹೋಗುತ್ತಾನೆ’ ಎಂಬ ಮಾತಿಗಿಂತ ಅಪಾಯಕಾರಿಯಾದ ಮಾತು ಹಾಸ್ಟೆಲುಗಳಲ್ಲಿ ಇನ್ನೊಂದಿಲ್ಲ. ಕೊನೆಯ ಪೆಗ್ ಕುಡಿದ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಹಾಗಾಗಿ ಮಲಗಿಸಿದಾಗ ಇದ್ದದ್ದಕ್ಕಿಂತ ಅರ್ಧ ಗಂಟೆ, ಒಂದು ಗಂಟೆಯ ನಂತರ ಅವನ ಸ್ಥಿತಿ ಹೆಚ್ಚು ಕೆಟ್ಟಿರಬಹುದು. ಮದ್ಯದ ಪ್ರಮಾಣ ಮಿತಿಮೀರಿದಾಗ ಉಸಿರಾಟವನ್ನು ನಡೆಸುವ ಮಿದುಳಿನ ಭಾಗವೇ ಮಂಕಾಗುತ್ತದೆ. ವಾಂತಿ ಬಂದಾಗ ಅದು ಶ್ವಾಸನಾಳಕ್ಕೆ ಹೋಗದಂತೆ ತಡೆಯುವ ಸಹಜ ಪ್ರತಿಕ್ರಿಯೆಯೂ ಕೆಲಸ ಮಾಡುವುದಿಲ್ಲ. ಅಂಗಾತ ಮಲಗಿದವನಿಗೆ ನಿದ್ದೆಯಲ್ಲೇ ವಾಂತಿಯಾಗಿ ಉಸಿರುಗಟ್ಟಿ ಸಾವು ಬರುವುದು ಹೀಗೆ.

ಮೊದಲು ಅವನ ಹೆಸರು ಹಿಡಿದು ಜೋರಾಗಿ ಕೂಗಿ, ಭುಜ ಅಲುಗಾಡಿಸಿ, ಎಚ್ಚರವಾಗುತ್ತಾನೆಯೇ ನೋಡಿ. ಎಷ್ಟು ಮಾಡಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾಗಿದ್ದರೆ ಅಥವಾ ಒಂದು ಉಸಿರಿಗೂ ಇನ್ನೊಂದಕ್ಕೂ ಹತ್ತು ಸೆಕೆಂಡುಗಳಷ್ಟು ಅಂತರವಿದ್ದರೆ, ತುಟಿ ಅಥವಾ ಉಗುರು ನೀಲಿಗಟ್ಟಿದ್ದರೆ, ಮೈ ತಣ್ಣಗಾಗಿದ್ದರೆ, ಫಿಟ್ಸ್ ಬಂದರೆ, ಪ್ರಜ್ಞೆಯಿಲ್ಲದೆಯೇ ವಾಂತಿಯಾದರೆ ಅದು ಅಮಲಲ್ಲ, ಮದ್ಯದ ವಿಷವೇರಿಕೆ. ಇವುಗಳಲ್ಲಿ ಒಂದು ಲಕ್ಷಣ ಕಂಡರೂ ಸಾಕು, ಕಾಯದೆ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಕಾಲನ್ನು ಮಂಡಿಯಲ್ಲಿ ಮಡಚಿ ಮುಂದಕ್ಕಿಟ್ಟು, ಬಾಯಿ ಸ್ವಲ್ಪ ಕೆಳಮುಖವಾಗಿರುವಂತೆ ಮಲಗಿಸಿ, ಬೆಚ್ಚಗೆ ಹೊದಿಸಿ, ಪಕ್ಕದಲ್ಲೇ ಕುಳಿತು ಉಸಿರಾಟವನ್ನು ಗಮನಿಸುತ್ತಿರಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರು, ಮಜ್ಜಿಗೆ, ಕಾಫಿ ಯಾವುದನ್ನೂ ಕುಡಿಸಬೇಡಿ, ಬಚ್ಚಲಿಗೆ ಎಳೆದೊಯ್ದು ತಣ್ಣೀರು ಸುರಿಯಬೇಡಿ. ಅವನ ಮೈಯ ಶಾಖ ಆಗಲೇ ಇಳಿದಿರುತ್ತದೆ.

ವೈದ್ಯರ ಮುಂದೆ ಏನನ್ನೂ ಮುಚ್ಚಿಡಬೇಡಿ. ಏನು ಕುಡಿದ, ಎಷ್ಟು ಕುಡಿದ, ಯಾವಾಗ ಕುಡಿದ, ಜೊತೆಗೆ ಮಾತ್ರೆ ಅಥವಾ ಗಾಂಜಾ ಇತ್ತೇ, ತಲೆಗೆ ಪೆಟ್ಟಾಗಿದೆಯೇ ಎಂಬುದನ್ನೆಲ್ಲ ಹೇಳಿ. ತಲೆಗೆ ಬಿದ್ದ ಏಟಿನಿಂದ ಎಚ್ಚರ ತಪ್ಪಿದವನನ್ನೂ ‘ಔಟ್ ಆಗಿದ್ದಾನೆ’ ಎಂದು ಮಲಗಿಸಿಬಿಡುವುದುಂಟು.

ವಾರ್ಡನ್‌ಗೆ ಗೊತ್ತಾಗುತ್ತದೆ, ಮನೆಗೆ ಫೋನ್ ಹೋಗುತ್ತದೆ ಎಂಬ ಹೆದರಿಕೆಯಿಂದ ನಾಲ್ಕು ಜನ ಗೆಳೆಯರು ಬಾಗಿಲು ಹಾಕಿಕೊಂಡು ಬೆಳಗಾಗುವುದನ್ನು ಕಾಯುತ್ತ ಕೂತಿದ್ದ ಒಂದು ರಾತ್ರಿ ನನ್ನ ನೆನಪಿನಲ್ಲಿದೆ. ಎಚ್ಚರ ತಪ್ಪಿ ಬಿದ್ದಿದ್ದ ಐದನೆಯವನು ಬದುಕಿದ, ಆದರೆ ಆ ಹೆದರಿಕೆ ಅವರಿಂದ ಮೂರು ಗಂಟೆಗಳನ್ನು ಕಸಿದುಕೊಂಡಿತ್ತು. ಬೈಗುಳವನ್ನು ನಾಳೆ ಕೇಳಿಕೊಳ್ಳಬಹುದು.

ಎರಡೇ ಪೆಗ್ ಹಾಕಿ ನಿಧಾನವಾಗಿ ಬೈಕ್ ಓಡಿಸಿದರೆ ತೊಂದರೆಯೇನು?

ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿದ್ದರೆ ವಾಹನ ಚಲಾಯಿಸುವುದು ಅಪರಾಧ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ ದಂಡ, ಎರಡು ವರ್ಷದವರೆಗೆ ಜೈಲು ಅಥವಾ ಎರಡೂ. ಅರವತ್ತು ಕಿಲೋ ತೂಕದ ಯುವಕ ಖಾಲಿ ಹೊಟ್ಟೆಯಲ್ಲಿ ಎರಡು ಸ್ಮಾಲ್ ಪೆಗ್‌ಗಳನ್ನು ಬೇಗ ಕುಡಿದರೆ ಈ ಮಿತಿ ದಾಟಬಹುದು. ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಅವನನ್ನು ಮಿತಿಯ ಮೂರು ಪಟ್ಟಿನ ಹತ್ತಿರಕ್ಕೆ ಒಯ್ಯಬಹುದು. ಆದರೆ ನನಗೆ ದಂಡಕ್ಕಿಂತ ದೊಡ್ಡ ಚಿಂತೆ ಬೇರೆಯದು. ಮದ್ಯ ಮೊದಲು ಮಂಕುಗೊಳಿಸುವುದು ‘ನಾನು ಓಡಿಸಬಲ್ಲೆನೇ’ ಎಂದು ತೀರ್ಮಾನಿಸುವ ಬುದ್ಧಿಯನ್ನೇ. ಆದ್ದರಿಂದ ಆ ತೀರ್ಮಾನವನ್ನು ಕುಡಿಯುವ ಮೊದಲೇ ಮಾಡಿರಬೇಕು. ಬೈಕನ್ನು ರೂಮಿನಲ್ಲೇ ಬಿಟ್ಟು ಹೋಗುವುದು, ಆಟೊ ಅಥವಾ ಕ್ಯಾಬ್‌ಗೆ ಹಣ ಎತ್ತಿಟ್ಟುಕೊಳ್ಳುವುದು, ಇಲ್ಲವೇ ಗುಂಪಿನಲ್ಲಿ ಒಬ್ಬರು ಒಂದು ಹನಿಯನ್ನೂ ಮುಟ್ಟದಿರುವುದು, ಇವುಗಳಲ್ಲಿ ಒಂದಾದರೂ ಆಗಿರಲಿ. ಕುಡಿದವನ ಹಿಂದಿನ ಸೀಟಿನಲ್ಲಿ ಕೂರುವುದೂ ಅಷ್ಟೇ ಅಪಾಯ. ನಂದಿ ಬೆಟ್ಟಕ್ಕೋ ಗೋಕರ್ಣಕ್ಕೋ ರಾತ್ರೋರಾತ್ರಿ ಹೊರಡುವ ಯೋಚನೆಗಳು ಸಾಮಾನ್ಯವಾಗಿ ಎರಡನೆಯ ಪೆಗ್ಗಿನ ನಂತರವೇ ಹುಟ್ಟುತ್ತವೆ, ಅವುಗಳಿಗೆ ಒಪ್ಪಿಕೊಳ್ಳಬೇಡಿ.

ಹುಡುಗಿಯರಿಗೆ ಬೇಗ ಏರುತ್ತದೆ ಎನ್ನುವುದು ಬರೀ ನಂಬಿಕೆಯೇ?

ಅಲ್ಲ. ಸರಾಸರಿಯಾಗಿ ಹೆಣ್ಣಿನ ದೇಹದಲ್ಲಿ ನೀರಿನ ಪಾಲು ಗಂಡಿನದ್ದಕ್ಕಿಂತ ಕಡಿಮೆಯಿರುವುದರಿಂದ ಅಷ್ಟೇ ತೂಕದ ಇಬ್ಬರು ಅಷ್ಟೇ ಕುಡಿದರೂ ಅವಳ ರಕ್ತದಲ್ಲಿ ಮದ್ಯಸಾರದ ಪ್ರಮಾಣ ಹೆಚ್ಚಿರುತ್ತದೆ. ಇದು ದೇಹರಚನೆಯ ವಿಷಯ, ನಡತೆಯ ವಿಷಯವಲ್ಲ. ಇದರ ಜೊತೆಗೆ ಹುಡುಗರಿಗೆ ಸ್ಪಷ್ಟವಾಗಿ ಹೇಳಬೇಕಾದದ್ದೊಂದಿದೆ. ಅಮಲಿನಿಂದಾಗಿ ಏನಾಗುತ್ತಿದೆ ಎಂಬುದು ತಿಳಿಯದ ಸ್ಥಿತಿಯಲ್ಲಿರುವ ಹೆಣ್ಣು ಕೊಟ್ಟ ಒಪ್ಪಿಗೆಯನ್ನು ಕಾನೂನು ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ಅದನ್ನು ಅತ್ಯಾಚಾರದ ವ್ಯಾಖ್ಯೆಯೊಳಗೇ ತರುತ್ತದೆ. ಅವಳು ಕುಡಿದಿದ್ದಳು ಎಂಬುದು ಯಾರ ತಪ್ಪಿಗೂ ಸಮರ್ಥನೆಯಲ್ಲ. ಗೆಳತಿಯೊಬ್ಬಳನ್ನು ಪಾರ್ಟಿಗೆ ಜೊತೆಯಲ್ಲಿ ಕರೆದೊಯ್ದವರು ಜೊತೆಯಲ್ಲೇ ಕರೆತರಬೇಕು.

ಸೀನಿಯರ್‌ಗಳು ಕುಡಿಯಲು ಒತ್ತಾಯಿಸಿದರೆ?

ಅದು ರ‍್ಯಾಗಿಂಗ್. ವಿದ್ಯಾರ್ಥಿಯೊಬ್ಬ ಸಾಮಾನ್ಯವಾಗಿ ಮಾಡದಂಥ ಕೆಲಸವನ್ನು ಅವನಿಂದ ಮಾಡಿಸಿ ನಾಚಿಕೆ, ಹಿಂಸೆ ಅಥವಾ ಮುಜುಗರಕ್ಕೆ ಗುರಿಪಡಿಸುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಗಳು ರ‍್ಯಾಗಿಂಗ್ ಎಂದೇ ಕರೆಯುತ್ತವೆ. 1800-180-5522 ಎಂಬ ಉಚಿತ ಸಂಖ್ಯೆಗೆ ದೂರು ಕೊಡಬಹುದು.

ಆದರೆ ಹೆಚ್ಚಿನ ಒತ್ತಾಯ ಬೆದರಿಕೆಯ ರೂಪದಲ್ಲಿ ಬರುವುದಿಲ್ಲ. ‘ನಮ್ಮ ಜೊತೆ ಒಂದು ಸಿಪ್ ಕೂಡ ಹಾಕಲ್ವಾ ಮಗಾ’ ಎಂಬ ಪ್ರೀತಿಯ ರೂಪದಲ್ಲಿ ಬರುತ್ತದೆ, ಅದನ್ನು ನಿರಾಕರಿಸುವುದು ಹೆಚ್ಚು ಕಷ್ಟ. ಉದ್ದದ ಕಾರಣ ಕೊಡಲು ಹೋಗಬೇಡಿ, ಕಾರಣ ಕೊಟ್ಟರೆ ಅದಕ್ಕೊಂದು ಉತ್ತರ ಸಿದ್ಧವಾಗಿರುತ್ತದೆ. ‘ಬೇಡ, ನನಗೆ ಇಷ್ಟವಿಲ್ಲ’ ಎಂದು ಎರಡು ಸಲ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ. ಕೈಯಲ್ಲಿ ಸೋಡಾವೋ ಜ್ಯೂಸೋ ತುಂಬಿದ ಲೋಟವಿದ್ದರೆ ಕೇಳುವವರೂ ಕಡಿಮೆಯಾಗುತ್ತಾರೆ. ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದ ಭಾರತೀಯರಲ್ಲಿ ಮದ್ಯ ಬಳಸುವವರು ಶೇ 14.6 ಮಾತ್ರ. ‘ಎಲ್ಲರೂ ಕುಡಿಯುತ್ತಾರೆ’ ಎಂಬುದು ಆ ಕೋಣೆಯ ಮಟ್ಟಿಗೆ ನಿಜವಿರಬಹುದು, ಈ ದೇಶದ ಮಟ್ಟಿಗಲ್ಲ.

ಎನರ್ಜಿ ಡ್ರಿಂಕ್ ಅಥವಾ ಮಾತ್ರೆಗಳ ಜೊತೆ ಮದ್ಯ ಸೇವಿಸಬಹುದೇ?

ಬೇಡ. ಎನರ್ಜಿ ಡ್ರಿಂಕಿನ ಕೆಫೀನ್ ಅಮಲನ್ನು ಮರೆಮಾಚುವುದರಿಂದ ಇನ್ನಷ್ಟು ಕುಡಿಯುವಂತಾಗುತ್ತದೆ. ನಿದ್ದೆಮಾತ್ರೆ, ಆತಂಕಕ್ಕೆ ಕೊಡುವ ಮಾತ್ರೆಗಳು ಮದ್ಯದೊಂದಿಗೆ ಸೇರಿದರೆ ಉಸಿರಾಟವನ್ನೇ ನಿಲ್ಲಿಸಬಲ್ಲವು.

ಲೇಬಲ್ ಇಲ್ಲದ, ಅಗ್ಗದ ಮದ್ಯದಿಂದ ಅಪಾಯವಿದೆಯೇ?

ಪ್ರಾಣಾಪಾಯವಿದೆ. ಕಳ್ಳಬಟ್ಟಿಯಲ್ಲಿ ಮೆಥನಾಲ್ ಬೆರೆತಿದ್ದರೆ ಅದು ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಸುಡುತ್ತದೆ, ಸಾವನ್ನೂ ತರುತ್ತದೆ. 2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿ ಭಾಗದಲ್ಲಿ ಇಂಥ ಮದ್ಯ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕುಡಿದ ಕೆಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ಕಣ್ಣು ಮಂಜಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬ್ಯಾಕ್‌ಲಾಗ್, ಪ್ರೀತಿಯ ಸೋಲು, ಮನೆಯ ತಾಪತ್ರಯ ಮರೆಯಲು ಕುಡಿಯುವವರಿಗೆ ಏನು ಹೇಳುತ್ತೀರಿ?

ನಿಮ್ಮ ನೋವು ನಿಜವಾದದ್ದು ಎಂಬುದನ್ನು ಮೊದಲು ಹೇಳುತ್ತೇನೆ. ಮದ್ಯ ಒಂದೆರಡು ಗಂಟೆ ಆ ನೋವನ್ನು ದೂರವಿಡುವುದೂ ನಿಜ, ಅದರಿಂದಲೇ ಮರಳಿ ಮರಳಿ ಅದರ ಬಳಿಗೆ ಹೋಗುವಂತಾಗುತ್ತದೆ. ಆದರೆ ಮದ್ಯ ಮಿದುಳಿನ ಚಟುವಟಿಕೆಯನ್ನು ಕುಗ್ಗಿಸುವ ವಸ್ತುವಾದ್ದರಿಂದ ಅಮಲಿಳಿದ ಮರುದಿನ ಖಿನ್ನತೆ ಮತ್ತು ಆತಂಕಗಳು ಮೊದಲಿಗಿಂತ ಹೆಚ್ಚಾಗುತ್ತವೆ. ಸಾಯಬೇಕೆಂಬ ಯೋಚನೆ ಮನಸ್ಸಿನಲ್ಲಿ ಸುಳಿಯುತ್ತಿರುವವರಂತೂ ಮದ್ಯವನ್ನು ಮುಟ್ಟಲೇಬಾರದು, ಏಕೆಂದರೆ ಆ ಯೋಚನೆಗೂ ಕೃತ್ಯಕ್ಕೂ ನಡುವೆ ಇರುವ ಸಂಯಮದ ಬೇಲಿಯನ್ನು ಮದ್ಯ ಕಿತ್ತುಹಾಕುತ್ತದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ನನಗೆ ಚಟವಾಗಿದೆಯೇ ಎಂದು ತಿಳಿಯುವುದು ಹೇಗೆ?

ದಿನವೂ ಕುಡಿಯುವವನಿಗೆ ಮಾತ್ರ ಚಟವಿರುತ್ತದೆ ಎಂಬ ನಂಬಿಕೆ ತಪ್ಪು. ‘ಇವತ್ತು ಎರಡೇ’ ಎಂದು ಕೂತು ನಿಲ್ಲಿಸಲಾಗದೆ ಹೋಗುವುದು, ಮೊದಲಿನಷ್ಟೇ ಅಮಲು ಬರಲು ಈಗ ಹೆಚ್ಚು ಬೇಕಾಗುವುದು, ಫೀಸಿನ ಅಥವಾ ಮೆಸ್ಸಿನ ಹಣ ಅದಕ್ಕೆ ಹೋಗುವುದು, ಇಂಟರ್ನಲ್ಸ್ ತಪ್ಪಿಸಿಕೊಳ್ಳುವುದು, ಗೆಳೆಯರಿಲ್ಲದೆ ಒಬ್ಬರೇ ಕೂತು ಕುಡಿಯತೊಡಗುವುದು, ಎಷ್ಟು ಕುಡಿದೆನೆಂಬುದರ ಬಗ್ಗೆ ಸುಳ್ಳು ಹೇಳುವುದು, ಇವುಗಳಲ್ಲಿ ಯಾವುದಾದರೂ ನಿಮ್ಮದೆನಿಸಿದರೆ ಸಹಾಯ ಪಡೆಯುವ ಸಮಯ ಬಂದಿದೆ ಎಂದರ್ಥ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಿಂದ ವೈದ್ಯರು ಕೆಲವೇ ನಿಮಿಷಗಳಲ್ಲಿ ನಿಮ್ಮ ಸ್ಥಿತಿಯನ್ನು ಅಂದಾಜಿಸಬಲ್ಲರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ವ್ಯಸನ ಮುಕ್ತಿಗಾಗಿ 14446 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ತಿಂಗಳುಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತಿದ್ದವರು ಶಪಥ ಮಾಡಿ ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ಭ್ರಮೆ, ಫಿಟ್ಸ್ ಬರಬಹುದು, ಅದು ಪ್ರಾಣಕ್ಕೂ ಎರವಾಗಬಹುದು. ಅಂಥವರು ವೈದ್ಯರ ನೆರವಿನಿಂದಲೇ ಬಿಡಬೇಕು.

ಚಿಕಿತ್ಸೆಗೆ ಹೋದರೆ ವೈದ್ಯರು ಕಾಲೇಜಿಗೆ ತಿಳಿಸಿಬಿಡುತ್ತಾರೆಯೇ?

2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯದ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ, ಮತ್ತು ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದನ್ನು ರೋಗಿಯ ಹಕ್ಕೆಂದು 23ನೇ ಕಲಮಿನಲ್ಲಿ ಹೇಳಿದೆ. ಪ್ರಾಣಾಪಾಯದಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ನಿಮ್ಮ ಒಪ್ಪಿಗೆಯಿಲ್ಲದೆ ಅವರು ಕಾಲೇಜಿಗೆ ಹೇಳುವಂತಿಲ್ಲ.

ಮಗ ಕುಡಿಯುತ್ತಿದ್ದಾನೆಂದು ಗೊತ್ತಾಗಿದೆ, ಪೋಷಕರಾಗಿ ನಾವೇನು ಮಾಡಬೇಕು?

ಅವನು ಅಮಲಿನಲ್ಲಿರುವಾಗ ಮಾತಿಗಿಳಿಯಬೇಡಿ. ಮರುದಿನ, ಅಜ್ಜಿ ಅಥವಾ ನೆಂಟರು ಯಾರೂ ಇಲ್ಲದ ಹೊತ್ತಿನಲ್ಲಿ, ಒಬ್ಬನನ್ನೇ ಕೂರಿಸಿಕೊಂಡು ಯಾವಾಗಿನಿಂದ, ಯಾರ ಜೊತೆ, ಯಾಕೆ ಎಂದು ಕೇಳಿ, ಅವನು ಹೇಳಿ ಮುಗಿಸುವವರೆಗೆ ಸುಮ್ಮನಿರಿ. ‘ನಮ್ಮ ಮರ್ಯಾದೆ ಕಳೆದೆ’ ಎಂದು ಶುರುವಾದ ಮಾತುಕತೆಯಲ್ಲಿ ಮಗ ಮುಂದೆ ಬಾಯಿ ಬಿಡುವುದಿಲ್ಲ. ಓದು ಬಿಡಿಸಿ ಊರಿಗೆ ಕರೆತರುವುದು, ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದುಕೊಳ್ಳುವುದು ಎರಡೂ ಪರಿಹಾರವಲ್ಲ. ಎರಡನೆಯದರಿಂದ ಇನ್ನೊಂದು ಮನೆಯ ಹೆಣ್ಣುಮಗಳ ಬದುಕೂ ಹಾಳಾಗುತ್ತದೆ. ತಂದೆ ಸಂಜೆ ದಿನವೂ ಕುಡಿಯುವ ಮನೆಯಲ್ಲಿ ಮಗನಿಗೆ ಹೇಳುವ ಬುದ್ಧಿಮಾತಿಗೆ ತೂಕವಿರುವುದಿಲ್ಲ ಎಂಬುದನ್ನೂ ನೋವಿನಿಂದಲೇ ಹೇಳಬೇಕಾಗಿದೆ. ಕೆಲವು ತಂದೆಯರು ಮಗನ ಜೊತೆ ತಾವೂ ವೈದ್ಯರ ಬಳಿ ಹೋದದ್ದನ್ನು ನಾನು ಕಂಡಿದ್ದೇನೆ, ಅಂಥವರ ಬಗ್ಗೆ ನನಗೆ ಗೌರವವಿದೆ.

ಹಾಸ್ಟೆಲ್ ಮತ್ತು ಕಾಲೇಜುಗಳ ಆಡಳಿತದವರಿಂದ ಏನಾಗಬೇಕು?

ಕುಡಿದು ಸಿಕ್ಕಿಬಿದ್ದವರಿಗೆ ಶಿಸ್ತಿನ ಕ್ರಮ ಇರಲಿ, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಅಪಾಯದಲ್ಲಿರುವ ಗೆಳೆಯನಿಗಾಗಿ ಸಹಾಯ ಕೇಳಿದವರ ಮೇಲೂ, ಸಹಾಯ ಪಡೆದವನ ಮೇಲೂ ಆ ರಾತ್ರಿಯ ಕುಡಿತಕ್ಕಾಗಿ ಕ್ರಮ ಕೈಗೊಳ್ಳುವುದಿಲ್ಲ ಎಂಬ ಒಂದು ಸಾಲನ್ನು ಹಾಸ್ಟೆಲಿನ ನಿಯಮಗಳಲ್ಲಿ ಲಿಖಿತವಾಗಿ ಸೇರಿಸಬೇಕು, ಪ್ರವೇಶದ ದಿನವೇ ಅದನ್ನು ಎಲ್ಲರಿಗೂ ಓದಿ ಹೇಳಬೇಕು. ಪ್ರತಿ ಮಹಡಿಯ ಗೋಡೆಯ ಮೇಲೆ 108, 112, 14416 ಮತ್ತು ವಾರ್ಡನ್ನರ ಮೊಬೈಲ್ ಸಂಖ್ಯೆಯನ್ನು ದೊಡ್ಡಕ್ಷರಗಳಲ್ಲಿ ಬರೆಸಬೇಕು, ರಾತ್ರಿ ಎರಡು ಗಂಟೆಗೆ ಕರೆ ಬಂದರೆ ವಾರ್ಡನ್ ಅದನ್ನು ಎತ್ತಬೇಕು. ರಾತ್ರಿ ಬೀಗ ಹಾಕುವ ಗೇಟಿನ ಕೀಲಿ ಯಾರ ಬಳಿ ಇದೆ, ಆಂಬುಲೆನ್ಸ್ ಯಾವ ಬಾಗಿಲಿಗೆ ಬರಬೇಕು ಎಂಬುದು ಸೆಕ್ಯುರಿಟಿಯವರಿಗೂ ವಿದ್ಯಾರ್ಥಿಗಳಿಗೂ ಮೊದಲೇ ಗೊತ್ತಿರಬೇಕು.